ಎಂಟು ರೌಂಡ್ ಮುಗೀತು, ಈಗ ಇನ್ನೊಂದು ‘ಕ್ಯಾಶುಯಲ್ ಚಾಟ್’ ಅಂತೆ. ಕಾಯ್ಲಾ, ಕೈಲಿರೋ ಆಫರ್ ತಗೊಳ್ಲಾ?

ಅರಸೀಕೆರೆ_ಪ್ಯಾಸೆಂಜರ್:

ಎಲ್ರಿಗೂ ನಮಸ್ಕಾರ. ಪೋಸ್ಟ್ ಉದ್ದ ಇದೆ, ಮೊದ್ಲೇ ಸಾರಿ. ಪ್ರಾಸೆಸ್ಸೇ ಇಷ್ಟುದ್ದ ಇರುವಾಗ ನಾನೇನ್ ಮಾಡ್ಲಿ.

ನಾನು ಬೆಂಗಳೂರಲ್ಲಿ ಒಂದು ಸರ್ವಿಸ್ ಕಂಪನೀಲಿ ನಾಲ್ಕೂವರೆ ವರ್ಷದಿಂದ ಇದೀನಿ. ಜಾವಾ, ಸ್ಪ್ರಿಂಗ್ ಬೂಟ್, ಬ್ಯಾಕೆಂಡ್ ಕೆಲಸ. ಕ್ಯಾಂಪಸ್ಸಿಂದ ಸೇರಿದ್ದು, ಇದೇ ಮೊದ್ಲನೇ ಕೆಲಸ. ಸಿಟಿಸಿ (ವರ್ಷಕ್ಕೆ ಕಂಪನಿ ನನ್ನ ಮೇಲೆ ಮಾಡೋ ಒಟ್ಟು ಖರ್ಚು) ಒಂಬತ್ತೂವರೆ ಲಕ್ಷ, ನೋಟಿಸ್ ಪೀರಿಯಡ್ 90 ದಿನ.

ಹನ್ನೊಂದು ವಾರದ ಹಿಂದೆ ಒಂದು ಪ್ರಾಡಕ್ಟ್ ಕಂಪನಿ ರಿಕ್ರೂಟರ್ ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಮಾಡಿದ್ರು (ಹೆಸರು ಹೇಳಲ್ಲ, ಕೇಳ್ಬೇಡಿ). ಮೊದ್ಲು ಇಪ್ಪತ್ತು ನಿಮಿಷ ಫೋನು. ಈಗ ಎಷ್ಟು ಬರುತ್ತೆ, ಎಷ್ಟು ಬೇಕು, ನೋಟಿಸ್ ಎಷ್ಟು. ತೊಂಬತ್ತು ಅಂದ ತಕ್ಷಣ ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸ್ತು. ಆಮೇಲೆ ಆನ್‌ಲೈನ್ ಟೆಸ್ಟ್, 90 ನಿಮಿಷಕ್ಕೆ ಮೂರು ಪ್ರಾಬ್ಲಂ, ಕ್ಯಾಮೆರಾ ಆನ್ ಇರ್ಬೇಕು. ಎರಡನೇದು ಬರೀತಿದ್ದಾಗ ನಮ್ಮ ರೂಮ್‌ಮೇಟು ಲುಂಗಿ ಎತ್ಕಟ್ಕೊಂಡು ಚಾರ್ಜರ್ ಹುಡುಕ್ತಾ ನನ್ನ ಹಿಂದೆ ಬಂದ್ಬಿಟ್ಟ, ಸ್ಕ್ರೀನ್ ಮೇಲೆ ಒಂದಕ್ಕಿಂತ ಹೆಚ್ಚು ಮುಖ ಕಾಣ್ತಿದೆ ಅಂತ ಕೆಂಪಕ್ಷರದಲ್ಲಿ ವಾರ್ನಿಂಗು. ಅಲ್ಲಿಗೆ ನನ್ನ ಕಥೆ ಮುಗೀತು ಅಂದ್ಕೊಂಡೆ, ಹೆಂಗೋ ಪಾಸಾಯ್ತು.

ಆಮೇಲೆ ಎರಡು ಡಿಎಸ್ಎ (ಡೇಟಾ ಸ್ಟ್ರಕ್ಚರ್, ಆಲ್ಗೊರಿದಮ್) ರೌಂಡು. ಒಂದರಲ್ಲಿ ಮೀಟಿಂಗ್ ರೂಮ್ ಇಂಟರ್ವಲ್ಸ್, ಇನ್ನೊಂದರಲ್ಲಿ ಎಲ್ಆರ್‌ಯು ಕ್ಯಾಶ್ ಅನ್ನೋ ಪ್ರಾಬ್ಲಂ. ಎರಡನೇ ಸಾಹೇಬ್ರು ಕ್ಯಾಮೆರಾ ಆಫ್ ಮಾಡ್ಕೊಂಡು ಪೂರ್ತಿ ಹೊತ್ತು ಬೇರೆ ಏನೋ ಟೈಪ್ ಮಾಡ್ತಾನೇ ಇದ್ರು, ನಾನು ಗೋಡೆಗೆ ಪಾಠ ಮಾಡ್ದಂಗಿತ್ತು. ಅದಾದ್ಮೇಲೆ ಮಷೀನ್ ಕೋಡಿಂಗು, ಪಾರ್ಕಿಂಗ್ ಲಾಟ್ ನಡೆಸೋ ಪ್ರೋಗ್ರಾಂ, ಒಂದೂವರೆ ಗಂಟೇಲಿ ಓಡೋ ಕೋಡ್ ಕೊಡ್ಬೇಕು. ಕೊಟ್ಟೆ.

ಸಿಸ್ಟಮ್ ಡಿಸೈನ್ ರೌಂಡ್ ಮಾತ್ರ ಮರೆಯೋಕಾಗಲ್ಲ. ನೋಟಿಫಿಕೇಶನ್ ಸರ್ವಿಸ್ ಡಿಸೈನ್ ಮಾಡು ಅಂದ್ರು. ನಾನು ಯೂಟ್ಯೂಬ್‌ನಲ್ಲಿ ನೋಡಿದ್ದೇ ತರ ಲೋಡ್ ಬ್ಯಾಲೆನ್ಸರ್, ಎಪಿಐ, ಮಧ್ಯ ಒಂದು ಕಾಫ್ಕಾ (ಮೆಸೇಜ್‌ಗಳನ್ನ ಸಾಲಾಗಿ ಇಡೋ ಕ್ಯೂ), ಆ ಕಡೆ ಎಸ್ಎಮ್ಎಸ್, ಇಮೇಲ್, ಪುಶ್ ಅಂತ ಡಬ್ಬಿ ಬರೆದು ಬಾಣ ಎಳ್ದೆ. ಆಕೆ ಸುಮ್ನೆ ನೋಡ್ತಿದ್ದು, ‘ಬೆಳಿಗ್ಗೆ ಹತ್ತಕ್ಕೆ ಮಾರ್ಕೆಟಿಂಗ್‌ನವ್ರು ಐವತ್ತು ಲಕ್ಷ ಜನಕ್ಕೆ ಸೇಲ್ ಮೆಸೇಜ್ ಬಿಟ್ರು ಅಂದ್ಕೊಳ್ಳಿ, ಹತ್ತು ಗಂಟೆ ಒಂದು ನಿಮಿಷಕ್ಕೆ ಒಬ್ರು ಓಟಿಪಿ ಕೇಳಿದ್ರೆ ಅದು ಯಾವಾಗ ತಲುಪುತ್ತೆ?’ ಅಂದ್ರು. ನಾನು ಡಬ್ಬಿ ನೋಡ್ದೆ, ಬಾಣ ನೋಡ್ದೆ. ಎರಡೂ ಒಂದೇ ಕ್ಯೂನಲ್ಲಿವೆ, ಐವತ್ತು ಲಕ್ಷದ ಹಿಂದೆ ಓಟಿಪಿ ನಿಂತಿದೆ. ಕೆಎಸ್ಆರ್‌ಟಿಸಿ ಬಸ್ಸಿಗೆ ಕಾಯ್ತಿರೋರ ಸಾಲಲ್ಲೇ ಆಂಬ್ಯುಲೆನ್ಸ್ ನಿಲ್ಸಿದಂಗೆ. ಆಮೇಲೆ ಓಟಿಪಿಗೆ ಬೇರೆ ಕ್ಯೂ, ಅದಕ್ಕೇ ಅಂತ ಬೇರೆ ವರ್ಕರ್ಸ್, ರಿಟ್ರೈ ಆದ್ರೆ ಅದೇ ಮೆಸೇಜ್ ಎರಡು ಸಲ ಹೋಗ್ದೇ ಇರೋಕೆ ಐಡೆಂಪೊಟೆನ್ಸಿ ಕೀ, ಹೋಗ್ದೇ ಉಳಿದಿದ್ದಕ್ಕೆ ಡೆಡ್ ಲೆಟರ್ ಕ್ಯೂ ಅಂತ ಅವ್ರ ಜೊತೇನೇ ಮಾತಾಡ್ತಾ ಮಾತಾಡ್ತಾ ಕಟ್ಟಿದ್ವಿ. ನಿಜ ಹೇಳ್ಬೇಕಂದ್ರೆ ಆ ಒಂದು ಗಂಟೇಲಿ ಕಲ್ತಿದ್ದು ನನ್ನ ಪ್ರಾಜೆಕ್ಟ್‌ನಲ್ಲಿ ಒಂದು ವರ್ಷದಲ್ಲಿ ಕಲ್ತಿಲ್ಲ. ಆ ಕಂಪನಿ ಮೇಲೆ ಆಸೆ ಹುಟ್ಟಿದ್ದು ಅವತ್ತೇ, ತೊಂದ್ರೆ ಶುರುವಾಗಿದ್ದೂ ಅವತ್ತೇ.

ಹೈರಿಂಗ್ ಮ್ಯಾನೇಜರ್ ರೌಂಡ್ ಮೂರು ಸಲ ರೀಶೆಡ್ಯೂಲ್. ಒಂದ್ಸಲ ನಾನು 25 ನಿಮಿಷ ಖಾಲಿ ಮೀಟಿಂಗ್‌ನಲ್ಲಿ ನನ್ನ ಮುಖಾನೇ ನೋಡ್ಕೊಂಡು ಕೂತಿದ್ದೆ. ಕೊನೇದು ಅವ್ರ ಆಫೀಸಲ್ಲೇ, ಬೆಳ್ಳಂದೂರಲ್ಲಿ. ವಿಜಯನಗರದಿಂದ ಪರ್ಪಲ್ ಲೈನ್ ಹಿಡಿದು ಕೆಆರ್ ಪುರ ಇಳಿದು, ಅಲ್ಲಿಂದ 500ಡಿ ಬಸ್ಸು, ಇಸ್ತ್ರಿ ಮಾಡಿದ್ದ ಶರ್ಟು ಮಾರತ್ತಹಳ್ಳಿಗೆ ಬರೋಷ್ಟ್ರಲ್ಲಿ ಒದ್ದೆ ಮುದ್ದೆ. ಟೀಮ್‌ಗೆ ಸಂಬಂಧ ಇಲ್ದೇ ಇರೋ ಒಬ್ರು ಸೀನಿಯರ್ ಬಂದು ಒಂದು ಗಂಟೆ ಪೂರ್ತಿ ‘ನಿಮ್ಮ ಮ್ಯಾನೇಜರ್ ಮಾತು ನೀವು ಒಪ್ಪದೇ ಇದ್ದ ಒಂದು ಸಂದರ್ಭ ಹೇಳಿ’ ಇಂಥಾವೇ ಕೇಳಿದ್ರು. ಚೆನ್ನಾಗೇ ಆಯ್ತು ಅನ್ಸುತ್ತೆ.

ಈ ಎಲ್ಲದಕ್ಕೂ ರಜಾ ಬೇಕಲ್ಲ. ಮೂರು ಸಲ ಊರಲ್ಲಿ ಗೃಹಪ್ರವೇಶ ಅಂದೆ. ಮೂರನೇ ಸಲ ನಮ್ ಲೀಡು ‘ಏನಪ್ಪಾ, ಅರಸೀಕೆರೇಲಿ ಲೇಔಟ್ ಮಾಡಿಸ್ತಿದೀಯಾ?’ ಅಂದ್ರು. ಅವ್ರಿಗೆ ಗೊತ್ತಾಗಿದೆ ಅಂತ ನನಗೆ ಗೊತ್ತಾಯ್ತು.

ಅದಾದ್ಮೇಲೆ 16 ದಿನ ಸದ್ದಿಲ್ಲ. ಮೇಲ್ ಹಾಕಿದ್ರೆ ಉತ್ರ ಇಲ್ಲ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಆ ರಿಕ್ರೂಟರೇ ಕೆಲಸ ಬಿಟ್ಟಿದಾರೆ. ಹೊಸಬ್ರು ಒಬ್ರು ಇವತ್ತು ಫೋನ್ ಮಾಡಿ, ಫೀಡ್‌ಬ್ಯಾಕ್ ಪಾಸಿಟಿವ್ ಇದೆ, ಡೈರೆಕ್ಟರ್ ಜೊತೆ ಒಂದು ಕ್ಯಾಶುಯಲ್ ಚಾಟ್ ಅಷ್ಟೇ, ಗುರುವಾರ ನೋಡೋಣ ಅಂದ್ರು.

ಈ ಮಧ್ಯ ಇನ್ನೊಂದು ಮಧ್ಯಮ ಸೈಜಿನ ಕಂಪನೀಲಿ ಮೂರು ರೌಂಡ್, ಒಂಬತ್ತು ದಿನ, ಆಫರ್ ಲೆಟರ್ ಕೈಗೆ ಬಂತು. 17 ಲಕ್ಷ ಫಿಕ್ಸೆಡ್. ಶುಕ್ರವಾರ ಸಂಜೆ ಒಳಗೆ ಸೈನ್ ಮಾಡ್ಬೇಕು. ದೊಡ್ಡ ಕಂಪನೀಲಿ ಆದ್ರೆ ಒಟ್ಟು 28ರವರೆಗೆ ಆಗಬಹುದು ಅಂತ ಹಳೇ ರಿಕ್ರೂಟರ್ ಬಾಯ್ಮಾತಲ್ಲಿ ಹೇಳಿದ್ರು.

ಅಮ್ಮ ದಿನಾ ಫೋನ್ ಮಾಡಿ ‘ಆಯ್ತೇನೋ ಅದು?’ ಅಂತಾರೆ. ಅದು ಅಂದ್ರೆ ಏನು ಅಂತ ಅವ್ರಿಗೂ ಈಗ ಮರ್ತೋಗಿದೆ ಅನ್ಸುತ್ತೆ. ಅಣ್ಣಂದ್ರೇ ಅಕ್ಕಂದ್ರೇ, ಏನ್ ಮಾಡ್ಲಿ? ಮತ್ತೆ ಈ ಕ್ಯಾಶುಯಲ್ ಚಾಟ್ ಅಂದ್ರೆ ಏನು ಅರ್ಥ?

ಫಿಲ್ಟರ್_ಕಾಫಿ_404:

ಗುರು, ಐಎಎಸ್ ಆಗೋಕೇ ಪ್ರಿಲಿಮ್ಸ್, ಮೇನ್ಸ್, ಇಂಟರ್ವ್ಯೂ ಅಂತ ಮೂರೇ ಹಂತ. ನೀನು ಯಾವ ಜಿಲ್ಲೆ ಡಿಸಿ ಆಗೋಕೆ ಹೋಗಿದ್ದೆ?

ಬೆಳ್ಳಂದೂರು_ನೊರೆ:

ನಾನು ಇನ್ನೊಂದು ಪ್ರಾಡಕ್ಟ್ ಕಂಪನೀಲಿ ಏಳು ವರ್ಷದಿಂದ ಇಂಟರ್ವ್ಯೂ ತಗೋತಿದೀನಿ, ವಾರಕ್ಕೆ ಎರಡು ಗ್ಯಾರಂಟಿ. ಒಳಗೆ ಏನಾಗುತ್ತೆ ಅಂತ ಹೇಳ್ತೀನಿ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತೆ.

ಮೊದ್ಲನೇದಾಗಿ, ಎಂಟು ರೌಂಡ್ ಬೇಕೇ ಇಲ್ಲ. ಇದು ನನ್ನ ಅಭಿಪ್ರಾಯ ಅಷ್ಟೇ ಅಲ್ಲ. ಗೂಗಲ್‌ನಲ್ಲಿ ಒಂದು ಕಾಲಕ್ಕೆ ಒಬ್ಬ ಕ್ಯಾಂಡಿಡೇಟ್‌ಗೆ ಹತ್ತು ಹನ್ನೆರಡು ಇಂಟರ್ವ್ಯೂ ಮಾಡೋರು. ಆಮೇಲೆ ಅವ್ರೇ ಹಳೇ ಡೇಟಾ ತೆಗೆದು ಲೆಕ್ಕ ಹಾಕಿ ನೋಡಿದ್ರೆ, ನಾಲ್ಕು ಇಂಟರ್ವ್ಯೂ ಆಗೋಷ್ಟ್ರಲ್ಲಿ ತಗೋಬೇಕೋ ಬೇಡ್ವೋ ಅನ್ನೋದು 86% ಖಾತ್ರಿ ಆಗಿರುತ್ತೆ, ಅಲ್ಲಿಂದಾಚೆ ಒಂದೊಂದು ರೌಂಡಿಗೂ ಹೆಚ್ಚು ಕಮ್ಮಿ 1% ಸೇರುತ್ತೆ ಅಷ್ಟೇ ಅಂತ ಗೊತ್ತಾಯ್ತು. ಅವ್ರು ನಾಲ್ಕಕ್ಕೆ ಇಳಿಸಿದ್ರು. ಉಳಿದೋರು ಗೂಗಲ್ ನೋಡಿ ಬೀನ್ ಬ್ಯಾಗು, ಫ್ರೀ ಊಟ ಕಲ್ತರು, ಇದನ್ನ ಮಾತ್ರ ಕಲೀಲಿಲ್ಲ.

ನಿಮ್ಮ ಬೆಳ್ಳಂದೂರು ರೌಂಡ್‌ನ ಆ ಹೊರಗಿನ ಸೀನಿಯರ್ ಇದಾರಲ್ಲ, ಅದು ಅಮೆಜಾನ್‌ನ ಬಾರ್ ರೈಸರ್ ಪದ್ಧತಿಯಿಂದ ಬಂದಿದ್ದು. ಟೀಮ್‌ಗೆ ಜನ ಬೇಕೇ ಬೇಕು ಅನ್ನೋ ಅರ್ಜೆಂಟಲ್ಲಿ ಸಿಕ್ಕಸಿಕ್ಕೋರ್ನ ತಗೋಬಾರ್ದು ಅಂತ ಆ ಟೀಮ್‌ಗೆ ಸೇರದೇ ಇರೋ ಒಬ್ರನ್ನ ಕೂರಿಸ್ತಾರೆ, ಅವ್ರು ಬೇಡ ಅಂದ್ರೆ ಮ್ಯಾನೇಜರ್ ಬೇಕು ಅಂದ್ರೂ ನಡೆಯಲ್ಲ. ಅವ್ರು ಮುಂದೆ ಬಿಟ್ಟಿದಾರೆ ಅಂದ್ರೆ ನೀವು ಹೈರ್ ಗೆರೆ ದಾಟಿದೀರ ಅಂತ ಇಟ್ಕೊಬಹುದು.

ಹಂಗಾದ್ರೆ ಮತ್ತೆ ಡೈರೆಕ್ಟರ್ ಯಾಕೆ? ನನ್ನ ಅನುಭವದಲ್ಲಿ ಮೂರ್ನಾಲ್ಕು ಕಾರಣ ಇರುತ್ತೆ. ಡೀಬ್ರೀಫ್ ಅಂತ ಮೀಟಿಂಗ್ ಆಗುತ್ತೆ, ಎಲ್ಲಾ ಇಂಟರ್ವ್ಯೂವರ್ಸ್ ಕೂತು ತಾವು ಬರೆದಿದ್ದನ್ನ ಓದ್ತಾರೆ, ಅಲ್ಲಿ ತಗೊಳ್ಳೋಣ ಅನ್ನೋದ್ರಲ್ಲಿ ಜಗಳ ಇರಲ್ಲ, ಯಾವ ಲೆವೆಲ್‌ಗೆ ಅನ್ನೋದ್ರಲ್ಲಿ ಜಗಳ. ನಾಲ್ಕೂವರೆ ವರ್ಷ ಅಂದ್ರೆ ಸರಿಯಾಗಿ ಗಡೀಲಿದೀರ, ಒಂದು ಲೆವೆಲ್ ಕೆಳಗೆ ತಗೊಂಡ್ರೂ ಸರಿ ಅನ್ನೋರು ಇಬ್ರು, ಮೇಲೆ ಅನ್ನೋರು ಇಬ್ರು, ಆಗ ಡೈರೆಕ್ಟರ್ ಹತ್ರ ಹೋಗುತ್ತೆ. ಇಲ್ಲಾಂದ್ರೆ ಹೆಡ್‌ಕೌಂಟ್ (ಎಷ್ಟು ಜನಾನ ತಗೋಬಹುದು ಅನ್ನೋ ಲೆಕ್ಕ) ಇನ್ನೂ ಅಪ್ರೂವ್ ಆಗಿಲ್ಲ, ನಿಮ್ಮನ್ನ ಬಿಸಿಯಾಗಿ ಇಟ್ಕೊಂಡಿರೋಕೆ ಒಂದು ಮೀಟಿಂಗ್. ಇಲ್ಲಾಂದ್ರೆ, ಬೇಜಾರ್ ಮಾಡ್ಕೋಬೇಡಿ, ನಿಮಗಿಂತ ಮುಂದೆ ಇನ್ನೊಬ್ರು ಇದಾರೆ, ಅವ್ರಿಗೆ ಆಫರ್ ಹೋಗಿದೆ, ಅವ್ರು ಹ್ಞೂಂ ಉಹ್ಞೂಂ ಅನ್ನೋವರೆಗೂ ನಿಮ್ಮನ್ನ ಮಾತಾಡಿಸ್ತಿರ್ತಾರೆ. ನಾವೂ ಮಾಡಿದೀವಿ. ಹೆಮ್ಮೆ ಪಡೋ ವಿಷ್ಯ ಅಲ್ಲ.

ಕ್ಯಾಶುಯಲ್ ಅಂದ್ರೆ ನಂಬ್ಬೇಡಿ. ಅಲ್ಲೂ ಸ್ಕೋರ್ ಬರೀತಾರೆ. ಡೈರೆಕ್ಟರ್‌ಗಳು ಕೋಡ್ ಕೇಳಲ್ಲ, ‘ನೀವು ಮಾಡಿದ ಕೆಲಸದಿಂದ ಯಾರಿಗೆ ಏನ್ ಉಪಯೋಗ ಆಯ್ತು’ ಅಂತ ಕೇಳ್ತಾರೆ. ಆ ಓಟಿಪಿ ಕಥೆ ಇಲ್ಲಿ ಬರೆದಂಗೇ ಹೇಳಿ, ಮೊದ್ಲು ತಪ್ಪು ಮಾಡಿದ್ದೂ ಸೇರಿಸಿ.

ಶುಕ್ರವಾರದ ವಿಷ್ಯ ಈಗ್ಲೇ ರಿಕ್ರೂಟರ್‌ಗೆ ಹೇಳಿ. ಹೇಳ್ದೇ ಇದ್ರೆ ಅವ್ರಿಗೆ ಅರ್ಜೆಂಟ್ ಮಾಡೋಕೆ ಕಾರಣಾನೇ ಇಲ್ಲ.

ಗಿರ್ಮಿಟ್_ಗಿಟ್_ಪುಶ್:

ತಮ್ಮಾ, ನಾ ಹುಬ್ಬಳ್ಳಿಯಂವ, ಈಗ ಪುಣೆದಾಗ ಅದೀನಿ. ನನ್ನ ಕಥಿ ಕೇಳು, ಆಮ್ಯಾಲೆ ನಿಂದು ನೀ ವಿಚಾರ ಮಾಡು.

2022ರ ದಸರಾ ಮುಂದ ಒಂದು ಕಂಪನ್ಯಾಗ ಆರು ರೌಂಡ್ ಮುಗಿಸಿದ್ದೆ. ರಿಕ್ರೂಟರ್ ಫೋನ್ ಹಚ್ಚಿ ‘ಸೆಲೆಕ್ಟ್ ಆಗೀರಿ, ಲೆಟರ್ ಎರಡ ದಿನದಾಗ ಬರತೈತಿ, ನೀವು ಪೇಪರ್ ಹಾಕಿಬಿಡ್ರಿ, ನೋಟಿಸ್ ಲಗೂನ ಮುಗೀತೈತಿ’ ಅಂದ್ರು. ನಾ ಖುಷಿಯೊಳಗ ಅವತ್ತ ಸಂಜೀಕ ಪೇಪರ್ ಹಾಕಿದೆ. ಮನ್ಯಾಗ ಪೇಢೆ ಹಂಚಿದ್ರು, ಧಾರವಾಡದಿಂದ ತರಿಸಿ. ಎರಡ ದಿನ ಹೋಗಿ ಎರಡ ವಾರ ಆತು. ನವೆಂಬರ್ ಬಂತು, ಮೆಟಾದವರು ಒಮ್ಮೆಲೆ 11,000 ಮಂದೀನ ತಗದ್ರು ಅಂತ ಸುದ್ದಿ ಬಂತು, ಎಲ್ಲಿ ನೋಡಿದ್ರೂ ಹೈರಿಂಗ್ ಫ್ರೀಜ್. ನಾ ಹೋಗಬೇಕಾಗಿದ್ದ ಕಂಪನಿ ಮೆಟಾ ಅಲ್ಲ, ಆದ್ರ ಗಾಳಿ ಎಲ್ಲಾ ಕಡೆ ಒಂದ ಥರಾ ಬೀಸಿತ್ತು. ರಿಕ್ರೂಟರ್ ಫೋನ್ ಎತ್ತೂದ ಬಿಟ್ಟರು. ಹಳೇ ಮ್ಯಾನೇಜರ್ ಹಂತೇಕ ಹೋಗಿ ರಾಜೀನಾಮೆ ವಾಪಸ್ ತಗೋತೀನ್ರಿ ಅಂದ್ರ, ನಿನ್ನ ಜಾಗಾಕ್ಕ ಬ್ಯಾರೆ ಹುಡುಗ ಬಂದಾನ ಅಂದ್ರು. ನಾಕ ತಿಂಗಳ ಮನ್ಯಾಗ ಕುಂತೆ. ಆ ಪೇಢೆ ತಿಂದ ಮಂದಿ ಎಲ್ಲಾ ಬಂದು ‘ಯಾವಾಗ ಜಾಯ್ನಿಂಗ್’ ಅಂತ ಕೇಳಾಕ ಹತ್ತಿದ್ರು. ಅದು ರೊಕ್ಕ ಇಲ್ಲದ್ದಕ್ಕಿಂತ ಭಾಳ ತ್ರಾಸ್ ಕೊಟ್ಟಿತು.

ಬಾಯಿ ಮಾತಿನ 28 ಲಕ್ಷ ಅಂದ್ರ ಅದು ಸೊನ್ನಿ. 17 ಲಕ್ಷ ಕಾಗದದ ಮ್ಯಾಲೆ ಐತಿ. ಶುಕ್ರವಾರ ಸೈನ್ ಹಾಕು. ಆಮ್ಯಾಲೆ ದೊಡ್ಡವರು ಲೆಟರ್ ಕಳಿಸಿದ್ರ ಅವತ್ತ ನೋಡೂಣು. ತೊಂಬತ್ತು ದಿನ ನೋಟಿಸ್ ಐತಲ್ಲ, ಅದು ನಿನಗೂ ಟೈಮ್ ಕೊಡತೈತಿ. ಇದಕ್ಕ ಮಂದಿ ಆಫರ್ ಶಾಪಿಂಗ್ ಅಂತಾರ, ಅನ್ನಲಿ. ಕಂಪನ್ಯಾರು ಮುಂಜಾನೆ ಲ್ಯಾಪ್‌ಟಾಪ್ ಲಾಕ್ ಮಾಡಿ ಮನಿಗೆ ಕಳಸೂ ಮುಂದ ನಿನ್ನ ಮಾರಿ ನೋಡತಾರೇನು?

ಮೈಸೂರ್_ಪಾಕ್_ಪೇರೋಲ್:

ನಾನು ಟ್ಯಾಲೆಂಟ್ ಅಕ್ವಿಸಿಶನ್‌ನಲ್ಲಿ ಹತ್ತು ವರ್ಷ ಇದ್ದೆ, ಈಗ ಎಚ್ಆರ್ ಆಪರೇಶನ್ಸ್. ಎಲ್ರೂ ಬೈಯೋ ಪಾರ್ಟಿಯಿಂದ ಬಂದಿರೋಳು, ಸ್ವಲ್ಪ ನಮ್ ಕಡೆ ಕಥೇನೂ ಕೇಳಿ.

ಸೈನ್ ಮಾಡಿ ಆಮೇಲೆ ಬಿಟ್ಟು ಹೋಗು ಅಂತ ಗಿರ್ಮಿಟ್ ಸರ್ ಹೇಳಿದ್ದು ಓದಿದೆ, ಅವ್ರಿಗಾಗಿದ್ದು ನಿಜಕ್ಕೂ ಅನ್ಯಾಯ. ಆದ್ರೆ ಜಾಯ್ನಿಂಗ್ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ಎಲ್ಲಾ ರೆಡಿ ಇಟ್ಕೊಂಡು ಹತ್ತು ಗಂಟೆಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್ ಬರುತ್ತಲ್ಲ, ಅದನ್ನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಇಲ್ಲಿ ಒಂದು ಸೀಟಿಗೆ ಇಬ್ರು ಮೂವರನ್ನ ಕೊನೇವರೆಗೂ ಎಳೆಯೋದಕ್ಕೆ ಇದೂ ಒಂದು ಕಾರಣ. ಕ್ಯಾಂಡಿಡೇಟ್‌ನ ನಂಬೋಕಾಗಲ್ಲ ಅಂತ ಕಂಪನಿ, ಕಂಪನೀನ ನಂಬೋಕಾಗಲ್ಲ ಅಂತ ಕ್ಯಾಂಡಿಡೇಟು. ಮಧ್ಯ ಕಾಂಟ್ರ್ಯಾಕ್ಟ್ ಮೇಲಿರೋ ರಿಕ್ರೂಟರ್, ಅವಳಿಗೇ ಮುಂದಿನ ತಿಂಗಳು ಕೆಲಸ ಇದೆಯೋ ಇಲ್ವೋ ಗೊತ್ತಿಲ್ಲ. ನಿಮ್ಮ ಹಳೇ ರಿಕ್ರೂಟರ್ ಬೇಕಂತ ಉತ್ರ ಕೊಡ್ದೇ ಇದ್ದಿದ್ದಲ್ಲ, ಆ ಮೇಲ್ ಐಡಿನೇ ಬಂದ್ ಆಗಿರುತ್ತೆ.

ಈಗ ಕೆಲಸದ ಮಾತು. ಇವತ್ತೇ ಮೇಲ್ ಹಾಕಿ, ಫೋನ್ ಅಲ್ಲ. ನಾಲ್ಕೇ ಸಾಲು: ನನ್ನ ಹತ್ರ ಸಹಿ ಮಾಡ್ಬೇಕಾದ ಆಫರ್ ಇದೆ, ಶುಕ್ರವಾರ ಸಂಜೆ ಐದಕ್ಕೆ ಕೊನೆ, ನನಗೆ ಇಲ್ಲೇ ಸೇರೋ ಆಸೆ, ಗುರುವಾರದ ಮೀಟಿಂಗ್ ಆದ್ಮೇಲೆ ಶುಕ್ರವಾರ ಮಧ್ಯಾಹ್ನದ ಒಳಗೆ ಬರವಣಿಗೇಲಿ ನಿರ್ಧಾರ ತಿಳಿಸೋಕಾಗುತ್ತಾ, ಮತ್ತೆ ಇದೇ ಕೊನೇ ರೌಂಡಾ. ಅಷ್ಟೇ. ಅಳೋದು ಬೇಡ, ಬೆದರಿಸೋದೂ ಬೇಡ. ಆ ಕಡೆ 17 ಲಕ್ಷದವ್ರಿಗೂ ಒಂದು ಮೇಲ್ ಹಾಕಿ, ಮಂಗಳವಾರದವರೆಗೆ ಟೈಮ್ ಕೊಡ್ತೀರಾ ಅಂತ. ಕೇಳಿದ್ದಕ್ಕೆ ಆಫರ್ ಕಿತ್ಕೊಂಡಿದ್ದು ನಾನು ನೋಡಿಲ್ಲ. ಬೇರೆ ಕಂಪನಿ ಆಫರ್ ಲೆಟರ್ ಕಳಿಸಿ ಅಂತ ಕೇಳಿದ್ರೆ ಹಂಗೇ ಪಿಡಿಎಫ್ ಫಾರ್ವರ್ಡ್ ಮಾಡ್ಬೇಡಿ, ಅದು ಗೋಪ್ಯ ಅಂತ ಅದ್ರಲ್ಲೇ ಬರೆದಿರುತ್ತೆ.

ಇನ್ನೊಂದು, 28ನ್ನ 17ರ ಪಕ್ಕ ಇಟ್ಟು ನೋಡ್ಬೇಡಿ. ಒಂದು ಫಿಕ್ಸೆಡ್, ಇನ್ನೊಂದು ‘ಒಟ್ಟು’. ಆ 28ರಲ್ಲಿ ಬೋನಸ್ ಇರುತ್ತೆ, ಕಂಪನಿ ಕಡೆಯ ಪಿಎಫ್ ಇರುತ್ತೆ, ಬೇಸಿಕ್‌ನ 4.81% ಗ್ರ್ಯಾಚುಟಿ ಅಂತ ಸೇರಿಸಿರ್ತಾರೆ, ಮತ್ತೆ ಆರ್‌ಎಸ್‌ಯು, ಅಂದ್ರೆ ಕಂಪನಿ ಕೊಡೋ ಷೇರು. ಷೇರು ಒಂದೇ ಸಲ ಕೈಗೆ ಬರಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿರ್ತಾರೆ, ಹೆಂಗೆ ಹಂಚಿದಾರೆ ಅನ್ನೋದೇ ಮುಖ್ಯ. ಅಮೆಜಾನ್‌ದು ತುಂಬಾ ಜನಕ್ಕೆ ಗೊತ್ತಿರೋ ಲೆಕ್ಕ, ಮೊದಲ ವರ್ಷ 5%, ಎರಡನೇ ವರ್ಷ 15%, ಆಮೇಲೆ 40, 40. ಇಂಥ ಕಡೆ ಒಂದು ವರ್ಷಕ್ಕೇ ಬಿಟ್ರೆ ಆ ದೊಡ್ಡ ನಂಬರ್ ಬರೀ ಕಾಗದದ ಮೇಲಿನ ನಂಬರ್. ಷೇರು ಕೈಗೆ ಬಂದ ದಿನದ ಬೆಲೆ ಮೇಲೆ ಸಂಬಳದ ತರಾನೇ ಟ್ಯಾಕ್ಸ್ ಬೇರೆ. ಜಾಯ್ನಿಂಗ್ ಬೋನಸ್ ಇದ್ರೆ, ವರ್ಷದೊಳಗೆ ಬಿಟ್ರೆ ವಾಪಸ್ ಕೊಡ್ಬೇಕು ಅಂತ ಇರುತ್ತಾ ನೋಡ್ಕೊಳ್ಳಿ.

ಕೊನೇದು, ಇದನ್ನ ಯಾರೂ ಹೇಳಲ್ಲ. ನಿಮಗೆ ಈಗ ನಾಲ್ಕೂವರೆ ವರ್ಷ. 90 ದಿನ ನೋಟಿಸ್ ಪೂರ್ತಿ ಮಾಡಿದ್ರೆ ನಾಲ್ಕೂ ಮುಕ್ಕಾಲು ಆಗುತ್ತೆ. ಗ್ರ್ಯಾಚುಟಿಗೆ ಐದು ವರ್ಷ ಬೇಕು ಅಂತ ಎಲ್ರೂ ಅಂದ್ಕೊಂಡಿರ್ತಾರೆ, ಆದ್ರೆ ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ರೆ ಅದು ಪೂರ್ತಿ ವರ್ಷಕ್ಕೆ ಸಮ ಅಂತ ಮದ್ರಾಸ್ ಹೈಕೋರ್ಟ್ ತೀರ್ಪಿದೆ. ಕೆಲವು ಕಂಪನಿ ಒಪ್ಪಿ ಕೊಡುತ್ವೆ, ಕೆಲವು ಒಪ್ಪಲ್ಲ, ಪೇಪರ್ ಹಾಕೋಕೆ ಮುಂಚೆ ನಿಮ್ಮ ಪಾಲಿಸಿ ಓದಿ. ನಿಮ್ಮ ಬೇಸಿಕ್ 35,000 ಅಂತ ಇಟ್ಕೊಳ್ಳಿ, 26ಕ್ಕೆ ಭಾಗಿಸಿ 15ರಿಂದ ಗುಣಿಸಿ, ಐದು ವರ್ಷಕ್ಕೆ ಒಂದು ಲಕ್ಷ ಆಗುತ್ತೆ. ಹೊಸ ಕಂಪನಿಯವ್ರು ಬೇಗ ಬನ್ನಿ, ಬೈಔಟ್ (ನೋಟಿಸ್ ಪೂರ್ತಿ ಮಾಡೋ ಬದಲು ಕಟ್ಟೋ ದುಡ್ಡು) ನಾವೇ ಕೊಡ್ತೀವಿ ಅಂತ ಕುಣಿಸಿದ್ರೆ ಈ ಒಂದು ಲಕ್ಷನೂ ಲೆಕ್ಕಕ್ಕೆ ಹಿಡೀರಿ.

ಅರಸೀಕೆರೆ_ಪ್ಯಾಸೆಂಜರ್:

ಅಕ್ಕಾ, ಗ್ರ್ಯಾಚುಟಿ ವಿಷ್ಯ ನನ್ ತಲೇಲೇ ಇರ್ಲಿಲ್ಲ, ಬಹಳ ಥ್ಯಾಂಕ್ಸ್. ನನ್ನ ಬೇಸಿಕ್ 31 ಸಾವಿರ. ಊರಲ್ಲಿ ತೋಟಕ್ಕೆ ಪಂಪ್‌ಸೆಟ್ ಹಾಕ್ಸೋದಿತ್ತು, ಅಪ್ಪಂಗೆ ಈಗ್ಲೇ ಹೇಳಲ್ಲ. ನೀವು ಹೇಳ್ದಂಗೇ ಎರಡೂ ಕಡೆ ಮೇಲ್ ಹಾಕಿದೆ. ಗಿರ್ಮಿಟ್ ಅಣ್ಣ, ಪೇಢೆ ಮಾತು ಓದಿ ಮನಸ್ಸಿಗೆ ಒಂಥರಾ ಆಯ್ತು.

ನೀರ್‌ದೋಸೆ_ಮ್ಯೂನಿಕ್:

ಎಂತ ಮಾರಾಯ್ರೇ, ಹನ್ನೊಂದು ವಾರ! ನಾನು ಮಂಗಳೂರಿನವ, ಈಗ ಜರ್ಮನಿಯಲ್ಲಿ ಇರುವುದು. ಇಲ್ಲಿ ನನಗೆ ನಾಲ್ಕು ರೌಂಡ್, ಮೂರು ವಾರ. ಇಲ್ಲಿ ಒಳ್ಳೆಯವರು ಜಾಸ್ತಿ ಅಂತ ಅಲ್ಲ. ಇಲ್ಲಿ ಪ್ರೊಬೇಶನ್ ಆರು ತಿಂಗಳವರೆಗೆ ಇಡಬಹುದು, ಆ ಸಮಯದಲ್ಲಿ ಎರಡು ವಾರದ ನೋಟಿಸಿನಲ್ಲಿ ಅವರೂ ಕಳಿಸಬಹುದು, ನಾವೂ ಬಿಡಬಹುದು. ಹಾಗಾಗಿ ಇಂಟರ್ವ್ಯೂದಲ್ಲಿ ಗೊತ್ತಾಗದೇ ಇದ್ದದ್ದನ್ನು ಕೆಲಸದಲ್ಲೇ ನೋಡಿಕೊಳ್ಳುವ ಅಂತ ಅವರ ಲೆಕ್ಕ. ಪ್ರೊಬೇಶನ್ ಮುಗಿದ ಮೇಲೆ ನನಗೂ ಮೂರು ತಿಂಗಳ ನೋಟಿಸ್ ಉಂಟು, ಆ ವಿಷಯದಲ್ಲಿ ನೀವು ನಾವು ಒಂದೇ.

ನನಗೆ ತೊಂದರೆ ಆದದ್ದು ಟೇಕ್ ಹೋಮ್ ಅಸೈನ್‌ಮೆಂಟಿನಲ್ಲಿ. ನಾಲ್ಕು ಗಂಟೆಯ ಕೆಲಸ ಅಂತ ಹೇಳಿ ಕೊಟ್ಟದ್ದು, ಶನಿವಾರ ಆದಿತ್ಯವಾರ ಎರಡೂ ಹೋಯ್ತು, ಮಗುವಿನ ಹುಟ್ಟುಹಬ್ಬದ ಕೇಕ್ ಕಟ್ ಮಾಡುವಾಗ ಸಹ ನನ್ನ ತಲೆಯಲ್ಲಿ ಟೆಸ್ಟ್ ಫೇಲ್ ಆಗುತ್ತಾ ಇತ್ತು. ಅದು ಬೇರೊಂದು ಕಂಪನಿ. ಒಂದು ಸಾಲಿನ ರಿಜೆಕ್ಟ್ ಬಂತು, ಕೋಡ್ ಯಾರಾದರೂ ಓದಿದರಾ ಅಂತ ಸಹ ಗೊತ್ತಿಲ್ಲ.

ಮತ್ತೆ ಆಫೀಸಿಗೆ ಕರೆದದ್ದಕ್ಕೆ ಬೇಜಾರು ಮಾಡಬೇಡಿ. ಎಐ ಹತ್ತಿರ ಕೇಳಿ ಉತ್ತರ ಓದುವವರು ಜಾಸ್ತಿ ಆದ ಮೇಲೆ ಎಲ್ಲ ಕಡೆ ಎದುರೆದುರು ಕೂತು ಮಾಡುವುದು ವಾಪಸ್ ಬರುತ್ತಾ ಉಂಟು. ಕನಿಷ್ಠ ಒಂದು ರೌಂಡ್ ಹಾಗೆ ಮಾಡುತ್ತೇವೆ ಅಂತ ಸುಂದರ್ ಪಿಚೈ ಅವರೇ 2025ರಲ್ಲಿ ಹೇಳಿದ್ದಾರೆ.

ಕೋಡಿಂಗ್_ಕೋಡುಬಳೆ:

ನಾನು ಉಲ್ಟಾ ಹೇಳ್ತೀನಿ. ಕಾಯಿ ಬ್ರೋ. 17ಕ್ಕೆ ಹೋದ್ರೆ ಮುಂದಿನ ಸಲ ಎಲ್ಲಿಗೆ ಹೋದ್ರೂ 17ರ ಮೇಲೆ 30% ಅಂತ ಲೆಕ್ಕ ಹಾಕ್ತಾರೆ. ಆ ದೊಡ್ಡ ಕಂಪನಿ ಬೋರ್ಡ್ ರೆಸ್ಯೂಮೆ ಮೇಲೆ ಬಿತ್ತು ಅಂದ್ರೆ ಲೈಫ್ ಬೇರೆ. ಎಂಟು ರೌಂಡ್ ಹತ್ತಿ ಒಂಬತ್ತನೇ ಮೆಟ್ಲಲ್ಲಿ ಇಳಿಯೋದು ಯಾಕೆ?

ಬೆಳ್ಳಂದೂರು_ನೊರೆ:

ಕೋಡುಬಳೆ, ಈ ಮೆಟ್ಲು ಲೆಕ್ಕಾನೇ ಜನಾನ ಹಾಳ್ಮಾಡೋದು. ಮೆಜೆಸ್ಟಿಕ್‌ನಲ್ಲಿ ಒಂದು ಗಂಟೆ ಕಾದಿದೀನಿ ಅಂತ ಇನ್ನೊಂದು ಗಂಟೆ ಕಾದ್ರೆ ಆ ಬಸ್ಸು ಬರುತ್ತೆ ಅಂತೇನಿಲ್ಲ. ಆಗಿರೋ ಎಂಟು ರೌಂಡ್ ಹೋದ ಟೈಮು, ಅದಕ್ಕೆ ಬೆಲೆ ಕಟ್ಬೇಡಿ. ಈಗ ಎದುರಿಗಿರೋದು ಒಂದು ಕಾಗದ, ಒಂದು ಮೀಟಿಂಗ್. 30% ಅಂತೀಯಲ್ಲ, ನಾನು ಕೂತಿರೋ ಕಡೆ ಎಷ್ಟೋ ಸಲ ಹಳೇ ಸಂಬಳ ನೋಡ್ದೇ ಲೆವೆಲ್‌ನ ಬ್ಯಾಂಡ್ ನೋಡಿ ಕೊಟ್ಟಿದಾರೆ. ಎಲ್ಲಾ ಕಡೆ ಹಂಗಿಲ್ಲ, ಒಪ್ತೀನಿ.

ರಿಜೆಕ್ಟ್ ಆದ್ರೂ ಅಲ್ಲಿಗೆ ಮುಗಿಯಲ್ಲ. ಆರು ತಿಂಗಳೋ ಒಂದು ವರ್ಷವೋ ಕೂಲಿಂಗ್ ಪೀರಿಯಡ್, ಆಮೇಲೆ ಮತ್ತೆ ಹೋಗ್ಬಹುದು. ಹೋಮ್‌ಬ್ರೂ (ಮ್ಯಾಕ್‌ನಲ್ಲಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋ ಟೂಲ್) ಬರೆದ ಮ್ಯಾಕ್ಸ್ ಹೋವೆಲ್ ಗೊತ್ತಲ್ಲ? ಗೂಗಲ್ ಇಂಜಿನಿಯರ್ಸ್‌ನಲ್ಲಿ 90% ತಾನು ಬರೆದ ಸಾಫ್ಟ್‌ವೇರ್ ಬಳಸ್ತಾರೆ, ಆದ್ರೆ ವೈಟ್‌ಬೋರ್ಡ್ ಮೇಲೆ ಬೈನರಿ ಟ್ರೀ ತಿರುಗಿಸೋಕೆ ಬರ್ಲಿಲ್ಲ ಅಂತ ಗೂಗಲ್ ತನ್ನನ್ನ ಬೇಡ ಅಂತು ಅಂತ 2015ರಲ್ಲಿ ಟ್ವೀಟ್ ಮಾಡಿದ್ದ. ಆವತ್ತಿಂದ ಇವತ್ತಿನವರೆಗೂ ಟ್ರೀ ತಿರುಗಿಸೋ ಪ್ರಶ್ನೆ ನಿಂತಿಲ್ಲ. ನಾನೇ ಹೋದ ತಿಂಗಳು ಕೇಳಿದೀನಿ, ಏನ್ ಮಾಡೋದು, ಪ್ರಶ್ನೆ ಬ್ಯಾಂಕ್‌ನಲ್ಲಿ ಅದೇ ಇತ್ತು.

ಅರಸೀಕೆರೆ_ಪ್ಯಾಸೆಂಜರ್:

ಅಪ್‌ಡೇಟ್, ಕೇಳಿದೋರಿಗೆಲ್ಲ.

ಗುರುವಾರ ನಾಲ್ಕಕ್ಕೆ ಇದ್ದ ಚಾಟ್ ಐದೂಕಾಲಿಗೆ ಶುರುವಾಯ್ತು. ಡೈರೆಕ್ಟರ್ ಕಾರಲ್ಲಿದ್ರು, ಹಿಂದೆ ಹಾರ್ನ್ ಸದ್ದು, ಸಿಲ್ಕ್ ಬೋರ್ಡ್ ಹತ್ರ ಇದೀನಿ, ನೆಟ್ ಹೋದ್ರೆ ಬೈಕೋಬೇಡಿ ಅಂದ್ರು. ಒಳ್ಳೇ ಮನುಷ್ಯ. ನೊರೆ ಸರ್ ಹೇಳ್ದಂಗೇ ಓಟಿಪಿ ಕಥೆ ಹೇಳ್ದೆ, ನಕ್ಕರು, ಅವ್ರ ಕಂಪನೀಲೂ ಒಂದು ಸಲ ನಿಜವಾಗ್ಲೂ ಹಂಗೇ ಆಗಿತ್ತಂತೆ. 18 ನಿಮಿಷಕ್ಕೆ ಮುಗೀತು. ಫೋನ್ ಇಟ್ಟಾಗ ಆಗೋಯ್ತು ಅಂದ್ಕೊಂಡೆ.

17 ಲಕ್ಷದವ್ರು ಮಂಗಳವಾರದವರೆಗೆ ಆಗಲ್ಲ, ಬೇಕಿದ್ರೆ ಸೋಮವಾರ ಮಧ್ಯಾಹ್ನ ಹನ್ನೆರಡು ಅಂದ್ರು. ಶುಕ್ರವಾರ ಪೂರ್ತಿ ದೊಡ್ಡ ಕಂಪನಿಯಿಂದ ಏನೂ ಇಲ್ಲ. ಸಂಜೆ ನಾನೇ ಫೋನ್ ಮಾಡ್ದೆ. ಡೈರೆಕ್ಟರ್‌ಗೆ ತುಂಬಾ ಇಷ್ಟ ಆಗಿದೆ, ಆದ್ರೆ ಈ ಕ್ವಾರ್ಟರ್‌ನ ಹೆಡ್‌ಕೌಂಟ್ ಫೈನಾನ್ಸ್ ಹತ್ರ ಇದೆ, ಎರಡರಿಂದ ಮೂರು ವಾರ ಆಗಬಹುದು ಅಂದ್ರು. ಲೆಟರ್ ಬೇಡ, ಸೆಲೆಕ್ಟ್ ಆಗಿದೀನಿ ಅಂತ ಒಂದು ಸಾಲು ಮೇಲ್‌ನಲ್ಲಿ ಬರೀತೀರಾ ಅಂತ ಕೇಳ್ದೆ. ‘ಅದನ್ನ ಬರೆಯೋಕೆ ನಮಗೆ ಪರ್ಮಿಶನ್ ಇಲ್ಲ’ ಅಂದ್ರು. ಆ ಮಾತು ಕೇಳಿದ ಮೇಲೆ ಯೋಚನೆ ಮಾಡೋಕೆ ಏನೂ ಉಳೀಲಿಲ್ಲ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸೈನ್ ಮಾಡ್ದೆ. ದೊಡ್ಡ ಕಂಪನೀದು ಇನ್ನೂ ಫೈನಾನ್ಸ್ ಹತ್ರಾನೇ ಇದೆ, ಆ ಲೆಟರ್ ಬಂದ್ರೆ ಏನ್ ಮಾಡ್ತೀನಿ ಅಂತ ಈಗ ಕೇಳ್ಬೇಡಿ, ಮೈಸೂರ್ ಪಾಕ್ ಅಕ್ಕನೂ ಇದಾರೆ, ಗಿರ್ಮಿಟ್ ಅಣ್ಣನೂ ಇದಾರೆ. ನಮ್ ಲೀಡ್‌ಗೆ ಪೇಪರ್ ಹಾಕ್ತೀನಿ ಅಂತ ಹೇಳೋಕೆ ಹೋದ್ರೆ ಅವ್ರೇ ಮೊದ್ಲು ‘ಗೃಹಪ್ರವೇಶ ಆಯ್ತಾ?’ ಅಂದ್ರು. ಅಮ್ಮಂಗೆ ಹೇಳ್ದೆ. ‘ಅದೇ ಕಂಪನೀನಾ?’ ಅಂದ್ರು. ಅಲ್ಲಮ್ಮ, ಬೇರೆ ಅಂದೆ. ‘ಯಾವ್ದೋ ಒಂದು, ಊಟ ಮಾಡು’ ಅಂದ್ರು.

ಮಜಾ ಏನಂದ್ರೆ ಸೋಮವಾರ ಸಂಜೆ ದೊಡ್ಡ ಕಂಪನಿಯಿಂದ ಮೇಲ್ ಬಂತು. ಎದೆ ಧಸಕ್ ಅಂತು. ತೆಗೆದು ನೋಡಿದ್ರೆ ಆಟೋಮ್ಯಾಟಿಕ್ ಮೇಲು, ನಮ್ಮ ಇಂಟರ್ವ್ಯೂ ಅನುಭವ ಹೇಗಿತ್ತು, ದಯವಿಟ್ಟು ಫಾರ್ಮ್ ತುಂಬಿ ಅಂತ.

ಫಿಲ್ಟರ್_ಕಾಫಿ_404:

ಆ ಫಾರ್ಮ್‌ಗೆ ಎಷ್ಟು ರೌಂಡ್?

ಅರಸೀಕೆರೆ_ಪ್ಯಾಸೆಂಜರ್:

ನಾಲ್ಕು ಪುಟ. ಎರಡನೇ ಪುಟದಲ್ಲಿ ಸೆಷನ್ ಎಕ್ಸ್‌ಪೈರ್ ಆಯ್ತು.